ಕಂಡಕ್ಟರ್ ಕೂಗಿದ ಹೆಸರು

ನಿಮ್ಮ ತಾತನ ಫೋನು ಈಗ ನನ್ನ ಟ್ರಂಕಿನಲ್ಲಿದೆ. ಅವರು ಕಾರ್ಖಾನೆಗೆ ಒಯ್ಯುತ್ತಿದ್ದ ಊಟದ ಡಬ್ಬಿಯ ಪಕ್ಕ, ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದೇನೆ. ಹೋದ ರಜೆಯಲ್ಲಿ ನೀವು ಅದನ್ನು ಆಟಕ್ಕೆ ಕೇಳಿದಿರಿ. ಕೆಟ್ಟುಹೋಗಿದೆ ಎಂದೆ. ಅದು ಸುಳ್ಳು, ಫೋನು ಚೆನ್ನಾಗಿಯೇ ಇದೆ. ಅದರ ವಿಷಯವನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯಲು ಕೂತೆ. ನಾನು ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಎದ್ದು ನಿಂತು ಓದು ಎಂದು ಮೇಷ್ಟ್ರು ಹೇಳಿದರೆ ಗಂಟಲಿನಿಂದ ಸ್ವರವೇ ಹೊರಡುತ್ತಿರಲಿಲ್ಲ. ಬರೆ ಎಂದರೆ ಮಾತ್ರ ಸ್ಲೇಟಿನ ಎರಡು ಕಡೆಯೂ ತುಂಬಿಸುತ್ತಿದ್ದೆ. ಈಗಲೂ ಹಾಗೆಯೇ ಇದ್ದೇನೆ.

ಮೊದಲು ಒಂದು ಸಂಗತಿ ನಿಮಗೆ ಗೊತ್ತಿರಬೇಕು. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ನಿಮ್ಮ ಅಮ್ಮ ನಿಮ್ಮ ಅಪ್ಪನನ್ನು ಹೆಸರು ಹಿಡಿದೇ ಕರೆಯುತ್ತಾಳೆ, ಅದು ನನಗೆ ತಪ್ಪು ಎನಿಸುವುದಿಲ್ಲ. ಆದರೆ ನನ್ನ ನಾಲಿಗೆ ಬೇರೆ ರೀತಿ ಬಗ್ಗಿದ್ದು. ಮದುವೆಯಾಗಿ ಈ ಮನೆಗೆ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, "ಗಂಡನ ಹೆಸರು ಹೇಳು, ಒಳೀಕ್ ಬಿಡ್ತೀವಿ" ಎಂದರು. ಆ ದಿನ ಒಂದು ಸಲ ಹೇಳಬಹುದು, ಹೇಳಲೇಬೇಕು. ನಾನು ತುಟಿ ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ ಎಂದು ಅವರು ನಕ್ಕರು. "ಬಿಡ್ರೇ ಸಾಕು, ಮಗಾ ಬೆವೆತೋಗೈತೆ" ಎಂದು ಅತ್ತೆ ನನ್ನನ್ನು ಒಳಗೆ ಕರೆದುಕೊಂಡರು. ಆವತ್ತು ನಾನು ಹೇಳಿದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಆಮೇಲಂತೂ ಹೇಳುವ ಪ್ರಸಂಗವೇ ಬರಲಿಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನು ಎಂದರೆ ಕಾರ್ಡನ್ನೇ ಮುಂದೆ ಹಿಡಿಯುತ್ತಿದ್ದೆ. ನಿಮ್ಮ ತಾತನನ್ನು ಕರೆಯಬೇಕಾದರೆ "ರೀ" ಎನ್ನುತ್ತಿದ್ದೆ. ಅವರಿಗೆ ಅದು ಒಂದೇ ಸಲಕ್ಕೆ ಕೇಳಿಸುತ್ತಿರಲಿಲ್ಲ. ಬಾಶೆಟ್ಟಿಹಳ್ಳಿಯ ನೂಲಿನ ಕಾರ್ಖಾನೆಯಲ್ಲಿ ಮೆಷಿನ್ನುಗಳ ಸದ್ದಿನ ನಡುವೆ ಅಷ್ಟು ವರ್ಷ ನಿಂತು ಅವರ ಎಡಗಿವಿ ಮಂದವಾಗಿತ್ತು.

ಅದರಿಂದಲೇ ಒಂದು ಸಲ ನಾನು ಅವರನ್ನು ಬಸ್ಸಿನಲ್ಲಿ ಕಳೆದುಕೊಂಡೆ. ನಿಮ್ಮ ಅಮ್ಮ ಆಗ ಎರಡು ವರ್ಷದವಳು. ದೊಡ್ಡಬಳ್ಳಾಪುರದಲ್ಲಿ ಒಂದು ಮದುವೆ ಮುಗಿಸಿಕೊಂಡು ವಾಪಸು ಬರುತ್ತಿದ್ದೆವು. ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ನಮ್ಮೂರಿಗೆ ದಾರಿ ತಿರುಗುವ ಗೇಟು ಬಂದಾಗ ನಾನು ಮಗುವನ್ನೆತ್ತಿಕೊಂಡು ಮುಂದಿನ ಬಾಗಿಲಲ್ಲಿ ಇಳಿದೆ. ಹಿಂದಿನ ಬಾಗಿಲಲ್ಲಿ ಅವರು ಇಳಿಯುತ್ತಾರೆ ಎಂದುಕೊಂಡರೆ ಯಾರೂ ಇಳಿಯಲಿಲ್ಲ. ನೋಡಿದರೆ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಿದ್ದಾರೆ.

"ಇನ್ನೂ ಯಾರು ಬರ್ಬೇಕಮ್ಮ?" ಎಂದ ಕಂಡಕ್ಟರು.

"ನಮ್ಮ ಮನೆಯವರು."

"ಕೂಗಮ್ಮ ಮತ್ತೆ. ಬಸ್ ತುಂಬ ಮನೆಯವರೇ ಅವ್ರೆ, ನಾನ್ಯಾರನ್ನ ಎಬ್ಬಿಸ್ಲಿ?"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು "ರೀ" ಎಂದೆ. ಅದು ನನ್ನ ಸೆರಗನ್ನೂ ದಾಟಲಿಲ್ಲ. ಎರಡನೇ ಸಲ ಬಾಯಿ ತೆರೆಯುವುದರೊಳಗೆ ಡ್ರೈವರ್ ಗಾಡಿ ಬಿಟ್ಟ. ನಿಮ್ಮ ತಾತ ಮುಂದಿನ ಊರಿನಲ್ಲಿ ಎಚ್ಚರವಾಗಿ ಇಳಿದು, ಬಿಸಿಲಿನಲ್ಲಿ ವಾಪಸು ನಡೆದುಕೊಂಡು ಬಂದರು. ಮುಕ್ಕಾಲು ಗಂಟೆ ನಾನು ಗೇಟಿನ ಹುಣಸೆ ಮರದ ಕೆಳಗೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಂತಿದ್ದೆ. ಬೈಯುತ್ತಾರೆ ಎಂದು ಹೆದರಿದ್ದೆ. ಬಂದವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಲೇ, ಒಂದ್ಸಲ ಹೆಸ್ರಿಡಿದು ಕೂಗಿದ್ರೆ ನಾನೇನು ಸತ್ತೋಗ್ತಿದ್ನಾ?" ಎಂದು ನಕ್ಕುಬಿಟ್ಟರು. ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಕ್ಕರು. ಎಷ್ಟೋ ವರ್ಷ ಅದೇ ಮಾತಿನಿಂದ ನನ್ನನ್ನು ರೇಗಿಸುತ್ತಿದ್ದರು.

ಫೋನು ಬಂದದ್ದು ಅವರು ರಿಟೈರ್ ಆಗುವ ಹೊತ್ತಿಗೆ. ಕಾರ್ಖಾನೆಯ ಜೊತೆಗಾರರು ಅದರಲ್ಲಿ ವ್ಯಾಲೆಟ್ ಹಾಕಿಕೊಟ್ಟಿದ್ದರು. ಮೊದಲೇ ಅದರೊಳಗೆ ದುಡ್ಡು ತುಂಬಿಸಿಟ್ಟುಕೊಂಡರೆ ಬೇಕಾದಾಗ ಫೋನಿನಿಂದಲೇ ಕೊಡಬಹುದು. ನಮ್ಮ ದಾರಿಯ ಪ್ರೈವೇಟ್ ಬಸ್ಸುಗಳ ಕಂಡಕ್ಟರುಗಳು ಸ್ಕ್ಯಾನ್ ಮಾಡುವ ಚೌಕದ ಚೀಟಿಯನ್ನು ಪ್ಲಾಸ್ಟಿಕ್ಕಿನೊಳಗೆ ಹಾಕಿ ಕೊರಳಿಗೆ ನೇತುಹಾಕಿಕೊಂಡಿರುತ್ತಾರೆ. ಫೋನನ್ನು ಅದರ ಮುಂದೆ ಹಿಡಿದರೆ ಆಯಿತು. ನಿಮ್ಮ ತಾತನಿಗೆ ಅದೊಂದು ದೊಡ್ಡ ಸಂತೋಷವಾಗಿತ್ತು. ಅಷ್ಟು ವರ್ಷ ಚಿಲ್ಲರೆಗಾಗಿ ಕಂಡಕ್ಟರುಗಳ ಹತ್ತಿರ ಬೈಸಿಕೊಂಡವರು. "ನೋಡೇ, ಬಾಯೇ ತೆಗೀಬೇಕಾಗಿಲ್ಲ. ನಿನಗಂತ್ಲೇ ಮಾಡವ್ರೆ ಇದನ್ನ" ಎಂದು ನನಗೆ ಎರಡು ಸಲ ಹೇಳಿಕೊಟ್ಟರು. ನಾನು ಕೈಯಲ್ಲಿ ಮುಟ್ಟಲಿಲ್ಲ.

ಈಗ ಬರೆಯುವುದನ್ನು ನಿಮ್ಮ ಅಮ್ಮನಿಗೂ ನಾನು ಹೇಳಿಲ್ಲ.

ಅವರಿಗೆ ಬೆಳಗ್ಗೆ ಹಿತ್ತಲಿನಲ್ಲಿ ಎದೆ ಹಿಡಿದುಕೊಂಡಿತು. ನನ್ನ ಮೈದುನ ಆಟೋ ತಂದು ದೇವನಹಳ್ಳಿಯ ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಪ್ರಜ್ಞೆ ಇರಲಿಲ್ಲ. ಮೈದುನ ಔಷಧಿ ತರಲು ಕೆಳಗೆ ಹೋಗಿದ್ದರು, ನಿಮ್ಮ ಅಮ್ಮ ದೊಡ್ಡಬಳ್ಳಾಪುರದಿಂದ ಬರುವ ದಾರಿಯಲ್ಲಿದ್ದಳು. ಹಾಸಿಗೆಯ ಹತ್ತಿರ ನಾನೊಬ್ಬಳೇ ಇದ್ದೆ. ನರ್ಸಮ್ಮ ಬಂದು, "ಹೆಸರು ಹಿಡಿದು ಜೋರಾಗಿ ಕರೀರಮ್ಮ. ಮನೆಯವರ ದನಿಗೆ ಒಂದೊಂದ್ಸಲ ಕಣ್ಣು ಬಿಡ್ತಾರೆ" ಎಂದರು.

ನಾನು "ರೀ" ಎಂದೆ.

"ಹಂಗಲ್ಲ, ಹೆಸರು ಹೇಳಿ. ಕಿವಿ ಹತ್ರ."

ನಾನು ಬಗ್ಗಿದೆ. ನನ್ನ ಕಡೆ ಇದ್ದದ್ದು ಎಡಗಿವಿ. ಬಾಯಿ ತೆರೆದೆ. ಈಗ ಹೇಳಿದರೆ, ಇಂಥ ಹೊತ್ತಿನಲ್ಲಿ ಹೇಳಿದರೆ, ಇರುವ ಚೂರು ಆಯಸ್ಸನ್ನೂ ನಾನೇ ಕಳೆದಂತೆ ಆಗುತ್ತದೆ ಎಂದು ಹೆದರಿದೆ. "ರೀ, ರೀ" ಎಂದೇ ಕರೆಯುತ್ತಿದ್ದೆ. ನರ್ಸಮ್ಮ ಚೀಟಿ ನೋಡಿ ತಾವೇ ಒಂದು ಸಲ ಹೆಸರು ಕರೆದರು. ಅದು ಅವರಿಗೆ ಗೊತ್ತಿರುವ ದನಿಯಲ್ಲ. ನಿಮ್ಮ ಅಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಮುಗಿದಿತ್ತು.

ಸತ್ತ ಮೇಲೆ ಮನುಷ್ಯನ ಹೆಸರು ಎಷ್ಟು ಬೇಗ ಮರೆಯಾಗುತ್ತದೆ ಎಂದು ನನಗೆ ಆಗ ಗೊತ್ತಾಯಿತು. ನಿಮ್ಮ ಅಮ್ಮನಿಗೆ ಅವರು ಅಪ್ಪ, ನನ್ನ ಓರಗಿತ್ತಿಗೆ ಭಾವ, ನಿಮಗೆ ತಾತ. ಊರಿನವರು "ನಿಮ್ಮ ಯಜಮಾನ್ರು" ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದ ಅವರ ಸರೀಕರು ಒಬ್ಬೊಬ್ಬರಾಗಿ ಹೋಗಿಯಾಗಿತ್ತು. ಉಳಿದದ್ದು ನಾನು. ನನಗೆ ಹೇಳಲು ಬಾರದು.

ಅವರ ಫೋನನ್ನು ನಿಮ್ಮ ಅಮ್ಮ ನನಗೇ ಬಿಟ್ಟಳು. ದಿನಾ ಸಂಜೆ ಅದಕ್ಕೇ ಫೋನು ಮಾಡುತ್ತಿದ್ದಳು. ಒಂದು ಮಂಗಳವಾರ ಅವಳ ಮನೆಗೆಂದು ಬಸ್ಸು ಹತ್ತಿದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಆದರೆ ಆವತ್ತು ಅದು ನಮ್ಮ ಗೇಟಿನಲ್ಲಿ ನಿಲ್ಲಿಸದೆ ಹೋಯಿತು. ಹಿಂದೆ ಬಂದ ಪ್ರೈವೇಟ್ ಬಸ್ಸು ಹತ್ತಿದೆ. ನನ್ನಲ್ಲಿದ್ದದ್ದು ಒಂದು ದೊಡ್ಡ ನೋಟು. "ಬೋಣಿ ಟೈಮಲ್ಲಿ ಐನೂರು ಕೊಟ್ರೆ ನಾನೆಲ್ಲಿಂದ ತರ್ಲಮ್ಮ? ಫೋನಿಲ್ವಾ?" ಎಂದ ಕಂಡಕ್ಟರು.

ಬಸ್ಸಿನಲ್ಲಿ ಎಲ್ಲರೂ ನೋಡುತ್ತಿದ್ದರು. ನಿಮ್ಮ ತಾತ ಹೇಳಿಕೊಟ್ಟದ್ದು ನೆನಪಾಗಿ ಫೋನು ತೆಗೆದೆ. ನಾಲ್ಕು ಅಂಕಿ ಕೇಳಿತು. ಅದು ಏನೆಂದು ಅವರು ಹೇಳಿರಲಿಲ್ಲ. ಆದರೆ ಅವರ ಊಟದ ಡಬ್ಬಿಯ ತಳದಲ್ಲಿ ಮೊಳೆಯಿಂದ ಕುಟ್ಟಿ ಬರೆದ ನಾಲ್ಕು ಅಂಕಿ ಇತ್ತು, ಕಾರ್ಖಾನೆಯ ಟೋಕನ್ ನಂಬರು. ಎಷ್ಟೋ ವರ್ಷ ಬೂದಿ ಹಾಕಿ ಉಜ್ಜಿದ ಅಂಕಿಗಳು, ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತು. ಅವನ್ನೇ ಒತ್ತಿದೆ. ಹಸಿರು ಬಣ್ಣದ ಸರಿ ಗುರುತು ಬಂತು.

ಆ ಬಸ್ಸಿನಲ್ಲಿ ಬಾಶೆಟ್ಟಿಹಳ್ಳಿಯ ಶಿಫ್ಟಿಗೆ ಹೋಗುವವರು ಐದಾರು ಜನ ಒಂದೇ ಸಲ ಫೋನಿನಲ್ಲಿ ಕೊಟ್ಟಿದ್ದರು. ಯಾರದು ಬಂತು, ಯಾರದು ಬಂದಿಲ್ಲ ಎಂದು ತಿಳಿಯಲು ಕಂಡಕ್ಟರು ತನ್ನ ಫೋನು ನೋಡಿಕೊಂಡು ಒಂದೊಂದೇ ಹೆಸರು ಕೂಗುತ್ತ ಬಂದ. ಕೂಗಿದವರು ಕೈ ಎತ್ತಿದರು. ಆಮೇಲೆ ನಿಮ್ಮ ತಾತನ ಹೆಸರು ಕೂಗಿದ. ಅವರ ಅಪ್ಪನ ಹೆಸರನ್ನೂ ಸೇರಿಸಿ ಪೂರ್ತಿಯಾಗಿ, ಬಸ್ಸಿನ ಹಿಂದಿನ ಸೀಟಿನವರೆಗೂ ಕೇಳುವಂತೆ ಕೂಗಿದ.

ಯಾರೂ ಕೈ ಎತ್ತಲಿಲ್ಲ.

"ಯಾರ್ರೀ ಇದು? ಹತ್ತಿದೋರು ಎಲ್ಲೋದ್ರು?" ಎಂದು ಇನ್ನೊಂದು ಸಲ ಕೂಗಿದ. ಜನ ಹಿಂದೆ ಮುಂದೆ ತಿರುಗಿ ಹುಡುಕಿದರು. ಮಕ್ಕಳೇ, ನಾನೂ ತಿರುಗಿ ನೋಡಿದೆ. ಗಂಡಸರ ಸೀಟುಗಳ ಕಡೆಗೆ, ಅವರು ಯಾವಾಗಲೂ ಕೂರುತ್ತಿದ್ದ ಬಲಗಡೆಯ ಕಿಟಕಿಯ ಕಡೆಗೆ. ಕೈ ಎತ್ತಬೇಕಾದವಳು ನಾನು ಎನ್ನುವುದೇ ಹೊಳೆಯಲಿಲ್ಲ. ಕೊನೆಗೆ ಪಕ್ಕದ ಹೆಂಗಸು ನನ್ನ ಮಡಿಲಿನಲ್ಲಿದ್ದ ಫೋನು ನೋಡಿ, "ಇವರ್ದೇ ಇರ್ಬೇಕು ಕಣಪ್ಪ" ಎಂದರು.

ಅವರು ತೀರಿಕೊಂಡ ಮೇಲೆ ಮೊದಲ ಸಲ ಯಾರೋ ಅವರನ್ನು ಕರೆದಿದ್ದರು, ಬದುಕಿರುವವರನ್ನು ಕರೆಯುವ ಹಾಗೆ, ಉತ್ತರ ಬರುತ್ತದೆ ಎಂದು ಕಾಯುತ್ತ.

ಅದಾದ ಮೇಲೆ ನಾನು ಪ್ರತಿ ಮಂಗಳವಾರ ಹೊರಡತೊಡಗಿದೆ. ಗೇಟಿನ ಅಂಗಡಿಯಮ್ಮನಿಗೆ ನೋಟು ಕೊಟ್ಟರೆ ಅವರು ತಮ್ಮ ಫೋನಿನಿಂದ ಆ ವ್ಯಾಲೆಟ್ಟಿಗೆ ಹಾಕುತ್ತಿದ್ದರು. ನಿಮ್ಮ ಅಮ್ಮ, ನನಗೆ ಮೊಮ್ಮಕ್ಕಳ ಮೇಲೆ ಆಸೆ ಹೆಚ್ಚಾಗಿದೆ ಎಂದುಕೊಂಡಳು. ಆಸೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಸರ್ಕಾರಿ ಬಸ್ಸು ಗೇಟಿನಲ್ಲಿ ನಿಂತರೂ ನಾನು ಹತ್ತದೆ ಬಿಡುತ್ತಿದ್ದೆ. ಅದನ್ನು ನನ್ನ ಓರಗಿತ್ತಿ ಕಂಡುಹಿಡಿದಳು. "ಅಲ್ಲಕ್ಕ, ಊರ್ನೋರೆಲ್ಲ ಫ್ರೀ ಬಸ್ಸಿಗೆ ಬಿದ್ದು ಎದ್ದು ಓಡ್ತಾರೆ. ನೀನು ಬಂದಿದ್ದನ್ನ ಬಿಟ್ಬಿಟ್ಟು ದುಡ್ಡು ಕೊಟ್ಟು ಹೋಗ್ತೀಯಲ್ಲ, ಆ ಬಸ್ಸಲ್ಲಿ ಏನಾದ್ರೂ ಹೋಳಿಗೆ ಊಟ ಹಾಕ್ತಾರಾ?" ಎಂದಳು. ನಾನು ಸೀಟು ಸಿಗುತ್ತದೆ ಎಂದೆ.

ಎರಡು ತಿಂಗಳಾಗುವಷ್ಟರಲ್ಲಿ ಕಂಡಕ್ಟರು ನನ್ನ ಗುರುತು ಹಿಡಿದುಬಿಟ್ಟ. ಹೆಸರು ಕೂಗುವುದನ್ನು ನಿಲ್ಲಿಸಿದ. ಫೋನು ನೋಡಿ, "ನಿಮ್ದಾಯ್ತು ಅಜ್ಜಿ" ಎಂದು ಮುಂದೆ ಹೋಗುತ್ತಿದ್ದ. ಒಳ್ಳೆಯವನು, ಪಾಪ. ನಾನು ಅವನ ಬಸ್ಸು ಬಿಟ್ಟು ಅದರ ಹಿಂದಿನ ಬಸ್ಸಿಗೆ ಹೋಗತೊಡಗಿದೆ. ಅಲ್ಲಿಯ ಕಂಡಕ್ಟರಿಗೆ ನನ್ನ ಪರಿಚಯವಿರಲಿಲ್ಲ. ಅವನು ಕೂಗುತ್ತಿದ್ದ. ನಾನು ಒಂದು ಕ್ಷಣ ಸುಮ್ಮನಿರುತ್ತಿದ್ದೆ, ಎರಡನೇ ಸಲ ಕೂಗಲಿ ಎಂದು. ಆಮೇಲೆ ಕೈ ಎತ್ತುತ್ತಿದ್ದೆ. ಆ ಎರಡು ಕೂಗಿನ ನಡುವೆ ಇರುವ ಹೊತ್ತಿಗಾಗಿ ನಾನು ವಾರವೆಲ್ಲ ಕಾಯುತ್ತಿದ್ದೆ. ಇದು ಸರಿಯೋ ತಪ್ಪೋ ಗೊತ್ತಿಲ್ಲ. ಬರೆಯುತ್ತ ಹೋದಂತೆ ನನಗೇ ಹೆದರಿಕೆಯಾಗುತ್ತದೆ.

ಒಂದು ಮಂಗಳವಾರ ನಿಮ್ಮ ಮನೆಯಲ್ಲಿ ಕೂತಿದ್ದಾಗ ಫೋನಿಗೆ ಇಂಗ್ಲಿಷಿನಲ್ಲಿ ಮೆಸೇಜು ಬಂತು. ನಿಮ್ಮ ಅಮ್ಮ ಓದಿ, ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು.

"ಅಮ್ಮ, ಅಪ್ಪನ ವ್ಯಾಲೆಟ್ಟಲ್ಲಿ ಇನ್ನೂ ದುಡ್ಡು ಹಾಕಿ ಖರ್ಚು ಮಾಡ್ತಿದ್ದೀಯಾ?"

"ಬಸ್ಸಿಗೆ."

"ತೀರ್ಕೊಂಡವರ ಹೆಸರಲ್ಲಿ ಹಂಗೆ ಮಾಡ್ಬಾರ್ದಮ್ಮ. ನಾನು ಆಗ್ಲೇ ಕ್ಲೋಸ್ ಮಾಡಿಸ್ಬೇಕಿತ್ತು. ಈಗ ಅವರೇ ಕೇಳ್ತಿದ್ದಾರೆ ನೋಡು, ಇದು ಯಾರದೋ ಅವರು ಕ್ಯಾಮೆರಾ ಮುಂದೆ ಮುಖ ತೋರಿಸ್ಬೇಕಂತೆ. ಇವತ್ತಿಗೆ ಗಡುವು. ಇಲ್ದಿದ್ರೆ ನಾಳೆಯಿಂದ ನಿಂತೋಗುತ್ತೆ."

ನಾನು ಫೋನನ್ನು ಅವಳ ಕೈಯಿಂದ ತೆಗೆದುಕೊಂಡೆ.

"ಅಪ್ಪನ ಮುಖ ಎಲ್ಲಿಂದ ತರೋಣ?" ಎಂದಳು. ಅವಳು ತಮಾಷೆಗೆ ಹೇಳಿದ್ದಲ್ಲ. ಹೇಳಿದ ಮೇಲೆ ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲಿಯೇ ನಿಂತಿದ್ದಳು.

ಆವತ್ತು ಸಂಜೆಗೆ ಮುಂಚೆಯೇ ಹೊರಟೆ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು, ನಾನು ಹಿಂದೆಂದೂ ನೋಡಿರದ ಕಂಡಕ್ಟರಿದ್ದ ಪ್ರೈವೇಟ್ ಬಸ್ಸು ಹತ್ತಿದೆ. ಇದೊಂದು ಸಲ ಅವರ ಹೆಸರು ಕೂಗಲಿ ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ನಾಳೆಯಿಂದ ಆ ಹೆಸರು ಕೂಗುವ ಬಾಯಿ ಎಲ್ಲಿಯೂ ಇರುವುದಿಲ್ಲ. ಮುಂದೆ ಹೆಂಗಸರ ಸೀಟು ತುಂಬಿತ್ತು. ಹಿಂದಿನ ಉದ್ದ ಸೀಟಿನಲ್ಲಿ ಬಾಗಿಲ ಪಕ್ಕ ಕೂತೆ. ಅಲ್ಲಿಂದ ಎಲ್ಲರ ಬೆನ್ನು ಮಾತ್ರ ಕಾಣುತ್ತಿತ್ತು.

ಫೋನು ಹಿಡಿದೆ, ಅಂಕಿ ಒತ್ತಿದೆ. ಹಸಿರು ಗುರುತು ಬಂತು. ಬಂದ ಹಿಂದೆಯೇ ಫೋನು ಕಪ್ಪಾಯಿತು. ಹಳೆಯ ಬ್ಯಾಟರಿ, ನಿಮ್ಮ ಮನೆಯಲ್ಲಿ ಚಾರ್ಜಿಗೆ ಹಾಕುವುದನ್ನು ಮರೆತಿದ್ದೆ.

ಕಂಡಕ್ಟರು ತನ್ನ ಫೋನು ನೋಡಿದ. "ನಂಗ್ ಬಂದಿಲ್ವಲ್ಲಮ್ಮ."

"ಕೊಟ್ಟಿದ್ದೀನಪ್ಪ."

"ಎಲ್ರೂ ಹಂಗೇ ಅಂತಾರೆ. ಮೊನ್ನೆ ಒಬ್ಬ ಹಿಂದಿನ ದಿನದ್ದನ್ನೇ ತೋರ್ಸಿ ಇಳ್ಕೊಂಡೋದ. ಯಾವ ಹೆಸರಲ್ಲೈತೆ ಹೇಳಿ, ನೆಟ್‌ವರ್ಕ್ ಬಂದ ತಕ್ಷಣ ನೋಡ್ತೀನಿ."

"ನಮ್ಮ ಮನೆಯವರ ಹೆಸರಲ್ಲಿದೆ."

"ಸರಿ, ಅವರ ಹೆಸರು ಹೇಳಿ."

ನನ್ನ ಮುಂದಿನ ಸೀಟಿನ ಮುದುಕಿಯೊಬ್ಬಳು ತಿರುಗಿ, "ಹಳೇ ಕಾಲ್ದೋರು ಕಣಪ್ಪ, ಗಂಡನ ಹೆಸ್ರು ಹೇಳಾಕಿಲ್ಲ" ಎಂದಳು.

"ಅಜ್ಜಿ, ನನ್ನ ಟ್ರಿಪ್ ಶೀಟಿಗೆ ಹಳೇ ಕಾಲ ಹೊಸ ಕಾಲ ಗೊತ್ತಾಗಲ್ಲ. ಹೇಳಿದ್ರೆ ಹೇಳ್ಲಿ, ಇಲ್ದಿದ್ರೆ ಕ್ಯಾಶ್ ಕೊಡ್ಲಿ."

ನನ್ನ ಎಲೆಅಡಿಕೆ ಚೀಲದಲ್ಲಿ ಚಿಲ್ಲರೆ ಇತ್ತು. ತೆಗೆದುಕೊಟ್ಟರೆ ಅವನು ಮುಂದೆ ಹೋಗುತ್ತಿದ್ದ. ಚೀಲದ ದಾರಕ್ಕೆ ಕೈ ಹಾಕಿಯೂ ಹಾಕಿದೆ. ಆದರೆ ಕೊಟ್ಟರೆ, ನಿಮ್ಮ ತಾತನ ಹೆಸರಿನಲ್ಲಿ ಬಂದದ್ದು ಬಂದೇ ಇಲ್ಲ ಎಂದಾಗುತ್ತಿತ್ತು. ಅವರು ಈ ಬಸ್ಸಿನಲ್ಲಿ ಇರಲೇ ಇಲ್ಲ ಎಂದಾಗುತ್ತಿತ್ತು. ನಾನು ಹೂಂ ಎಂದು ಒಪ್ಪಿಕೊಂಡಂತೆ. ನರ್ಸಮ್ಮ ಪಕ್ಕದಲ್ಲಿ ನಿಂತು ಹೇಳಿದ ಹಾಗಾಯಿತು. ಹಂಗಲ್ಲ, ಹೆಸರು ಹೇಳಿ.

ಹೇಳಿದೆ.

ಮೆಲ್ಲಗೆ ಹೇಳಬೇಕೆಂದೇ ಬಾಯಿ ತೆರೆದದ್ದು. ಅಷ್ಟು ವರ್ಷ ಒಳಗಿದ್ದದ್ದು ಮೆಲ್ಲಗೆ ಬರಲಿಲ್ಲ. ಇಡೀ ಬಸ್ಸಿಗೆ ಕೇಳುವಂತೆ, ದೂರದವರನ್ನು ಕೂಗಿ ಕರೆಯುವ ಹಾಗೆ ಬಂತು. ನನ್ನ ದನಿ ಅಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ಮಾತನಾಡುತ್ತಿದ್ದವರು ನಿಲ್ಲಿಸಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಒಬ್ಬರು ಮಾತ್ರ ತಿರುಗಲಿಲ್ಲ. ನನ್ನಿಂದ ನಾಲ್ಕನೇ ಸಾಲಿನಲ್ಲಿ, ಬಲಗಡೆಯ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಿದ್ದರು. ಹೆಗಲ ಮೇಲೆ ಟವೆಲು. ನರೆತ ಕೂದಲು ಕತ್ತಿನ ಹತ್ತಿರ ಸುಳಿಯಾಗಿತ್ತು. ಎಡಗಿವಿ ನಮ್ಮ ಕಡೆಗಿತ್ತು.

"ಹಾಂ, ಬಂತು ನೋಡಿ. ಸರಿಯಾಗೈತೆ ಬಿಡಿ" ಎಂದು ಕಂಡಕ್ಟರು ಟಿಕೆಟು ಹರಿದುಕೊಟ್ಟ. ಆಮೇಲೆ ದನಿ ತಗ್ಗಿಸಿ, "ಬೇಜಾರ್ ಮಾಡ್ಕೋಬೇಡಿ ಅಮ್ಮ" ಎಂದ. ನಾನು ತಲೆಯಾಡಿಸಿದೆ. ನನ್ನ ಕಣ್ಣು ಆ ಕಿಟಕಿಯ ಮೇಲೇ ಇತ್ತು. ಎದ್ದು ನಾಲ್ಕು ಹೆಜ್ಜೆ ಮುಂದೆ ಹೋದರೆ ಮುಖ ಕಾಣುತ್ತಿತ್ತು. ಹೋಗಲಿಲ್ಲ. ಬೇರೆ ಯಾರೋ ಆಗಿದ್ದರೆ ಎಂಬ ಭಯ ಒಂದು ಕಡೆ. ಅವರೇ ಆಗಿದ್ದರೆ ಎಂಬ ಭಯ ಇನ್ನೊಂದು ಕಡೆ.

ನಮ್ಮ ಗೇಟು ಬಂತು. ಹಿಂದಿನ ಬಾಗಿಲಿನಿಂದ ಇಳಿದೆ. ಇನ್ನೂ ಯಾರಾದರೂ ಇಳಿಯುವವರಿದ್ದಾರೆಯೇ ಎಂದು ಕಂಡಕ್ಟರು ಒಳಗೆ ನೋಡಿ ಸೀಟಿ ಊದಿದ. ಬಸ್ಸು ಹೊರಟಿತು. ಬಲಗಡೆಯ ಕಿಟಕಿ ರಸ್ತೆಯ ಆ ಬದಿಗಿತ್ತು. ನನಗೆ ಕಾಣಲಿಲ್ಲ.

ನಾನು ಮನೆಯ ಕಡೆ ಹೆಜ್ಜೆ ಹಾಕಲಿಲ್ಲ. ಹುಣಸೆ ಮರ ರಸ್ತೆ ಅಗಲ ಮಾಡುವಾಗ ಹೋಯಿತು, ಈಗ ಅಲ್ಲಿ ಸಿಮೆಂಟಿನ ಬೆಂಚಿದೆ. ಅದರ ಮೇಲೆ ಕೂತೆ. ಮುಂದಿನ ಊರಿನ ಕಡೆಯಿಂದ ರಸ್ತೆ ನೇರವಾಗಿ ಬರುತ್ತದೆ, ನಡೆದು ಬರುವವರು ದೂರದಿಂದಲೇ ಕಾಣುತ್ತಾರೆ. ಏರ್‌ಪೋರ್ಟಿನ ಕಡೆಯ ಟ್ಯಾಕ್ಸಿಗಳು ಹೋದವು. ಹಾಲಿನ ಕ್ಯಾನು ಕಟ್ಟಿಕೊಂಡ ಸ್ಕೂಟರೊಂದು ಹೋಯಿತು.

ನನ್ನ ಓರಗಿತ್ತಿ ಮೇವಿನ ಹೊರೆ ಹೊತ್ತುಕೊಂಡು ತೋಟದಿಂದ ಬಂದಳು. "ಆ ಬಸ್ಸಿಂದ ಇಳಿದಿದ್ದು ನೋಡ್ದೆ. ಇನ್ನೂ ಇಲ್ಲೇ ಕೂತಿದ್ದೀಯಲ್ಲಕ್ಕ, ಯಾರು ಬರ್ಬೇಕು?" ಎಂದಳು.

"ಕಾಲು ನೋಯ್ತಿದೆ, ನೀನು ನಡಿ" ಎಂದೆ.

ಅವಳು ಹೋದಳು. ಮುಕ್ಕಾಲು ಗಂಟೆಯಾಗುವವರೆಗೂ ನಾನು ಅಲ್ಲಿಯೇ ಕೂತಿದ್ದೆ.